ಬೈಯೋಕೂ ಕಿವಿ ಬೇಕು

ಅಲ್ಲಾರೀ, ರಾಕ್ ಸಂಗೀತಕ್ಕೆ ವಿಮರ್ಶಕರು ಬೇರೆ ಕೇಡು ಅಂತೀರಲ್ಲ, ಪೂರ್ತಿ ಸುಳ್ಳೇನಲ್ಲ ಬಿಡಿ. 1969ರಲ್ಲಿ ಲೆಡ್ ಜೆಪ್ಲಿನ್ ಮೊದಲ ಆಲ್ಬಂ ತಂದಾಗ ರೋಲಿಂಗ್ ಸ್ಟೋನ್ ಪತ್ರಿಕೆ ಮೂಗು ಮುರೀತು. ಮರುವರ್ಷ ಬ್ಲ್ಯಾಕ್ ಸಬ್ಬತ್‌ಗೂ ಅದೇ ಮಂಗಳಾರತಿ, ಎತ್ತಿದವನು ಅಲ್ಲಿನ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್. ಆಮೇಲೆ ಆ ಎರಡು ತಂಡ ಎಲ್ಲಿಗೆ ಹೋದವು ಅಂತ ನಾನು ಹೇಳಬೇಕಾ?

ಆದರೂ ಈ ಬ್ಯಾಂಗ್ಸ್ ಮೇಲೆ ನನಗೆ ಒಂಥರಾ ಅಕ್ಕರೆ. ಸಂಗೀತಗಾರರಿಗೆ ಮರ್ಯಾದೆ ಕೊಡಲ್ಲ ಅಂತ 1973ರಲ್ಲಿ ಅದೇ ಪತ್ರಿಕೆ ಅವನನ್ನ ಹೊರಗೆ ಹಾಕಿತು. ಅವನೇನು ಸುಮ್ಮನಿದ್ದನಾ? ಡೆಟ್ರಾಯಿಟ್‌ನಲ್ಲಿ ಜೆ. ಗೈಲ್ಸ್ ಬ್ಯಾಂಡ್ ಜತೆ ವೇದಿಕೆ ಹತ್ತಿ, ಟೈಪ್‌ರೈಟರ್‌ಗೆ ಮೈಕ್ ಇಡಿಸಿಕೊಂಡು ತಾಳಕ್ಕೆ ಟಕಟಕ ಕುಟ್ಟಿದ. ಕುಟ್ಟಿದ್ದು ಸಾಲದೂಂತ ಕೊನೆಗೆ ಅದನ್ನ ತುಳಿದೂ ಹಾಕಿದ. ಗಿಟಾರ್ ಒಡೆಯೋರು ಬೇಕಾದಷ್ಟು ಜನ. ಟೈಪ್‌ರೈಟರ್?

ನಮ್ಮ ಹಾಸ್ಟೆಲಲ್ಲೂ ಒಬ್ಬ ಮಹಾನುಭಾವ ಇದ್ದ. ಅವೆನ್ಯೂ ರಸ್ತೆಯಿಂದ ಹಳೇ ಅಮೆರಿಕನ್ ಪತ್ರಿಕೆ ಹೊತ್ತು ತರೋನು. ಅದರಲ್ಲಿ ವಿಮರ್ಶೆ ಬಂದ ರೆಕಾರ್ಡು ಕೊಳ್ಳೋಕೆ ಯಾರ ಹತ್ತಿರ ದುಡ್ಡಿತ್ತು? ಕೇಳದೇ ಇರೋ ಆಲ್ಬಂ ಬಗ್ಗೆ 'ಎರಡನೇ ಹಾಡಲ್ಲಿ ಡ್ರಮ್ಸ್ ಸ್ವಲ್ಪ ಅತಿಯಾಯ್ತು ಕಣೋ' ಅನ್ನೋನು, ಮದುವೆಗೇ ಹೋಗದೆ ಸಾರಿಗೆ ಉಪ್ಪು ಕಮ್ಮಿ ಅಂದ ಹಾಗೆ! ನಾವೂ ತಲೆ ಆಡಿಸ್ತಿದ್ವಿ. ಚೆನ್ನಾಗಿ ಬೈದ ವಿಮರ್ಶೆ ಓದಿದರೆ ಹಾಡು ಅರ್ಧ ಕೇಳಿಸಿಬಿಡುತ್ತೆ ನೋಡಿ. ಡಿಲನ್‌ನ 'ಸೆಲ್ಫ್ ಪೋರ್ಟ್ರೇಟ್' ವಿಮರ್ಶೆಯನ್ನ ಗ್ರೀಲ್ ಮಾರ್ಕಸ್ ಶುರು ಮಾಡಿದ್ದೇ ಒಂದು ಕೆಟ್ಟ ಬೈಗುಳದಿಂದ. ಡಿಲನ್ ಮೇಲೆ ಅಷ್ಟು ಆಸೆ ಇಟ್ಟುಕೊಂಡೋನಿಗೇ ಆ ಪಾಟಿ ಸಿಟ್ಟು ಬರೋದು, ಅಲ್ವಾ?

ನನಗೆ ಇರಿಸುಮುರಿಸಾಗೋದು ಹೊಗಳಿ ಒಳಗೆ ಸೇರಿಕೊಳ್ಳೋದನ್ನ ಕಂಡಾಗ. ಸ್ಪ್ರಿಂಗ್‌ಸ್ಟೀನೇ ರಾಕ್‌ನ ಭವಿಷ್ಯ ಅಂತ 1974ರಲ್ಲಿ ಬರೆದ ಜಾನ್ ಲ್ಯಾಂಡೌ, ಆಮೇಲೆ ಅವನ ಮ್ಯಾನೇಜರ್ರೇ ಆಗಿಬಿಟ್ಟ. ಭವಿಷ್ಯ ನಿಜವಾಯ್ತು ಅನ್ನಿ, ಅದು ಬೇರೆ ಮಾತು. ಆದರೆ ಆಮೇಲೆ ಅವನು ಬರೆಯೋ ವಿಮರ್ಶೆ ಯಾರು ನಂಬಬೇಕು?

ರಾಬರ್ಟ್ ಕ್ರಿಸ್ಟ್‌ಗೌ ಇನ್ನೊಂದು ತರಹ, ಮೇಷ್ಟ್ರ ಥರ ಆಲ್ಬಮ್ಮಿಗೆ ಗ್ರೇಡ್ ಕೊಡೋ ಆಸಾಮಿ. ಅದಕ್ಕೆ ಗಾಯಕ ಲೂ ರೀಡ್‌ಗೆ ಮೈಯೆಲ್ಲಾ ಉರಿದು, 1978ರ ಲೈವ್ ಆಲ್ಬಂನಲ್ಲಿ ಹೆಸರು ಹಿಡಿದೇ ಉಗಿದ. ಮೇಷ್ಟ್ರು ಏನು ಮಾಡಿದ್ರು ಗೊತ್ತಾ? ನನ್ನ ಹೆಸರನ್ನ ಸರಿಯಾಗಿ ಉಚ್ಚರಿಸಿದ್ದಕ್ಕೆ ಥ್ಯಾಂಕ್ಸ್ ಅಂತ ಬರೆದು, ಸಿ ಪ್ಲಸ್ ಕೊಟ್ಟು ಕಳಿಸಿದ್ರು. ರೀಡ್‌ಗೆ ಇನ್ನಷ್ಟು ಉರಿದಿರಬೇಕು, ಅಲ್ವಾ?