ಇಂಜಿನ್ ಬ್ರಾಕೆಟ್ ಜತೆ ಮಾತುಕತೆ

ದೇವನಕೊಂಡದ ವೆಲ್ಡಿಂಗ್ ಅಂಗಡಿಗೆ (ಕಲ್ಪನೆಯದು, ಹುಡುಕಿಕೊಂಡು ಹೋಗಬೇಡಿ) ಟ್ರಾಲಿ, ಕುಂಟೆ, ಗೇಟು ದಿನದ ಕೆಲಸ. ಅಲ್ಲಿಗೆ ಸ್ವಂತ ಕಾರು ಕಟ್ಟುವ ಹುಚ್ಚಿನ ಹುಡುಗನೊಬ್ಬ ಬಂದ. ಹಳೇ ಆಮ್ನಿಯ ಇಂಜಿನ್ನನ್ನು ಹೊಸ ಚಾಸಿಗೆ ಹಿಡಿದಿಡಲು ಹುಟ್ಟಿದ್ದೇ ಈ ಬ್ರಾಕೆಟ್. ಬಣ್ಣ ಒಣಗುವ ಹೊತ್ತಿಗೆ ಮಾತಿಗೆ ಸಿಕ್ಕಿತು.

ನಿಮ್ಮ ಮೂಲ?

ಆದೋನಿ ಗುಜರಿ ರೀ. 6 ಎಂ.ಎಂ. ಪಟ್ಟಿ. ಹಿಂದಿನ ಜನ್ಮದಾಗ ಹತ್ತಿ ಹೇರೋ ಟ್ರಾಲಿಯ ಬಾಗಿಲಾಗಿದ್ದೆ.

ಅಳತೆ ಹೇಗೆ ತೆಗೆದರು?

ಚಪ್ಪಲಿ ಡಬ್ಬಿಯ ರಟ್ಟಿನಾಗ. ಇಂಜಿನ್ನಿಗೆ ಒತ್ತಿ ಹಿಡಿದು ಎಣ್ಣೆಗೈಲೆ ತಿಕ್ಕಿದ್ರು, ತೂತಿನ ಗುರುತು ಮೂಡ್ತು. ಆ ರಟ್ಟು ನನ್ನ ಮ್ಯಾಲಿಟ್ಟು ಚಾಕ್‌ಪೀಸ್‌ಲೆ ಗೆರೆ ಎಳದು ಗ್ರೈಂಡರ್ ಹಚ್ಚಿದ್ರು. ಆದ್ರೂ ಒಂದು ತೂತು ಕೂದಲೆಳೆಯಷ್ಟು ಆಚೆ ಹೋತು. ಮೇಸ್ತ್ರಿ ಅರ ಹಾಕಿ ಉದ್ದ ಮಾಡಿ, ‘ಅಡ್ಜಸ್ಟ್‌ಮೆಂಟ್ ಬಿಟ್ಟೀನಿ’ ಅಂದ್ರು.

ಆಮ್ನಿ ಇಂಜಿನ್ನೇ ಯಾಕೆ?

796 ಸಿಸಿ, ಮೂರು ಸಿಲಿಂಡರ್; ಮಾರುತಿ 800ಕ್ಕೂ ಅದೇ. ಆದ್ರ 800 ಮುಂದಿನ ಗಾಲಿಲೆ ಎಳೀತೈತಿ, ಆಮ್ನಿ ಹಿಂದಿನ ಗಾಲಿಲೆ ನೂಕ್ತೈತಿ. ಇಂಜಿನ್ನು, ಗೇರ್‌ಬಾಕ್ಸು, ಶಾಫ್ಟು ಸಾಲಾಗಿ ಕೂಡ್ತಾವ.

ವಿದೇಶದಲ್ಲಿ ಸ್ವಂತ ಕಾರು ಕಟ್ಟುವುದು ಗೌರವದ ಹವ್ಯಾಸವಂತೆ?

ಇಂಗ್ಲೆಂಡಿನಾಗ ಲೋಟಸ್ ಕಂಪನಿ 1957ರಾಗ ತಂದ ‘ಸೆವೆನ್’ ಕಾರನ್ನ ಬಿಡಿಬಿಡಿಯಾಗೂ ಮಾರ್ತಿತ್ತು. ಆಗ ಜೋಡಿಸಿದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಕ್ಕ ಇರಲಿಲ್ಲ. ಗೌರವ ಆಮ್ಯಾಲೆ ಬಂತು, ತೆರಿಗೆ ಉಳಿತಾಯ ಮೊದಲು. ಈಗಲೂ ಅಲ್ಲಿ ಒಂಟಿ ಗಾಡಿ ಒಯ್ದ್ರೂ ಪರೀಕ್ಷೆ ಮಾಡ್ತಾರ, ಪಾಸಾದ್ರ ನಂಬರ್ ಕೊಡ್ತಾರ.

ಇಲ್ಲಿ?

ಮಾದರಿ ಗಾಡಿ ಪುಣೆಯ ಎ.ಆರ್.ಎ.ಐ.ಯಂಥ ಪರೀಕ್ಷಾ ಸಂಸ್ಥೆಯಾಗ ಪಾಸಾಗಬೇಕು. ಸಾವಿರಾರು ಗಾಡಿ ಮಾಡೋ ಕಂಪನಿಗೆ ಅದು ಸರಿ. ಒಂದೇ ಮಾಡೋ ಹುಡುಗನಿಗೆ ಪುಣೆ ದಾರಿ ಖರ್ಚೇ ಭಾರ. ಹೋಗ್ಲಿ, ಹಳೇ ಆರ್.ಸಿ. ಇಟ್ಕೊಂಡು ಮೈ ಬದಲಿಸೋಣ ಅಂದ್ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡ. ಕಂಪನಿ ಕೊಟ್ಟ ರೂಪ ಕೆಡಿಸಂಗಿಲ್ಲ ಅಂತ 2019ರ ಜನವರಿಯಾಗ ಸುಪ್ರೀಂ ಕೋರ್ಟೂ ಹೇಳ್ತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ನನ್ನ ಬೆಲೆ ಇನ್ನೂರು. ನಮ್ಮ ವಂಶದಾಗ ಇಷ್ಟು ಮರ್ಯಾದೆ ಯಾರಿಗೂ ಸಿಕ್ಕಿರಲಿಲ್ಲ ಬಿಡ್ರಿ.

ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ಕಮ್ಮಾರರು ಗುಜರಿಯಿಂದ ಕಟ್ಟಿದ ಗಾಡಿ ಮೆಚ್ಚಿ ಆನಂದ್ ಮಹೀಂದ್ರಾ ಬೊಲೆರೊ ಕೊಟ್ಟರಲ್ಲ?

ಕೊಟ್ರು. ಇಂದಿಲ್ಲ ನಾಳೆ ಅಧಿಕಾರಿಗಳು ಆ ಗಾಡಿ ನಿಲ್ಲಿಸ್ತಾರ ಅಂತ 2021ರ ಡಿಸೆಂಬರ್‌ನಾಗ ಮಹೀಂದ್ರಾ ಅವರೇ ಬರೆದಿದ್ರು. ಸ್ವಂತ ಕಾರು ಕಟ್ಟಿದವಗ ನಮ್ಮ ದೇಶದಾಗ ಸಿಗೋ ದೊಡ್ಡ ಬಹುಮಾನ ಏನು ಹೇಳ್ರಿ? ಕಂಪನಿ ಕಾರು.

ಹಾಗಾದರೆ ಕಾನೂನೇ ಬೇಡವೇ?

ಹಂಗಂದೆನೇನು? ನಾನು ಮೆತ್ತನ್ನ ಉಕ್ಕು, ಬೆಸುಗೆ ಹಿಡೀತೀನಿ. ಲಾರಿಯ ಕಮಾನು ಪಟ್ಟಿಯಾಗ ಇಂಗಾಲ ಜಾಸ್ತಿ. ಕಾಸಿ ಬಡಿದ್ರ ಒಳ್ಳೇ ಕುಡುಗೋಲು, ಸುಮ್ನೆ ಬೆಸೆದ್ರ ಬೆಸುಗೆ ಪಕ್ಕದಾಗ ಗಾಜಿನಂಗ ಸಿಡೀತೈತಿ. ನಾನು ಮುರಿದ್ರ ಇಂಜಿನ್ ಜೋತಾಡ್ತೈತಿ, ಗಾಡಿ ನಿಲ್ತೈತಿ. ಸ್ಟೀರಿಂಗ್ ರಾಡ್ ಮುರಿದ್ರ ಗಾಡಿ ನಿಲ್ಲಂಗಿಲ್ಲ. ಮೊನ್ನೆ ಆ ಹುಡುಗ ಉದ್ದ ಸಾಲಲಿಲ್ಲಂತ ರಾಡನ್ನೇ ಕೊಯ್ದು ಬೆಸೆಯಾಕ ಹೊಂಟಿದ್ದ. ಮೇಸ್ತ್ರಿ ವೆಲ್ಡಿಂಗ್ ಕಡ್ಡಿ ಕಸ್ಕೊಂಡ್ರು.

ಓದುಗರಿಗೆ ಏನು ಹೇಳುತ್ತೀರಿ?

ಗುಜರಿಲೆ ಏನಾರ ಕಟ್ರಿ, ಸ್ವಂತ ಹೊಲದಾಗ ಓಡಿಸ್ರಿ. ಸ್ಟೀರಿಂಗು, ಬ್ರೇಕು ಮಾತ್ರ ಕಂಪನಿ ಮಾಲೇ, ಹೊಸದೇ ಹಾಕ್ರಿ. ಅದರಾಗ ಉಳಿಸಬ್ಯಾಡ್ರಿ.