ನೀರು ಬರುವ ಹೊತ್ತು

ನಂದಿನಿ ಲೇಔಟಿನಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ನೀರು ಬರುವ ಹೊತ್ತಿನ ವಿಷಯದಲ್ಲಿ ಯಾರೂ ಹೊಸದಾಗಿ ಉಪದೇಶ ಮಾಡಬೇಕಾದುದಿಲ್ಲ. ದಿನ ಬಿಟ್ಟು ದಿನ, ಅದೂ ಲೋಕವೆಲ್ಲ ನಿದ್ರಾವಶವಾಗಿರುವ ಅಪರಾತ್ರಿಯಲ್ಲಿ, ನಲ್ಲಿಯ ಕಂಠದಿಂದ ಮೊದಲು ವಾಯುವೂ ಅನಂತರ ಕೆಮ್ಮೂ ಕಟ್ಟಕಡೆಗೆ ಕಾವೇರಿಯೂ ಹೊರಡುವ ಆ ಮುಹೂರ್ತವನ್ನು ನಿದ್ದೆಗಣ್ಣಿನಲ್ಲಿಯೇ ಗ್ರಹಿಸಿ, ಸಂಪಿನ ಮುಚ್ಚಳ ತೆಗೆದು ನೋಡುವ ವಿದ್ಯೆ ನನ್ನ ಧರ್ಮಪತ್ನಿಗೆ ಸಿದ್ಧಿಸಿದೆ. ಆದುದರಿಂದ, ಕೆನಡಾದ ಮಾಂಕ್ಟನ್ ಪಟ್ಟಣದಲ್ಲಿರುವ ನಮ್ಮ ಮಗನು, "ಅಮ್ಮ, ನಾಳೆ ಹನ್ನೊಂದೂವರೆಗೆ ನೀರು ಪೂರ್ತಿ ಹೋಗಿರುತ್ತೆ, ಮತ್ತೆ ಬರೋದು ಸಂಜೆ ಮುಕ್ಕಾಲು ಆರಕ್ಕೆ" ಎಂದೊಡನೆ ಅವಳು ಎದ್ದು ಅಡಿಗೆಮನೆಯ ಪಾತ್ರೆಗಳನ್ನೆಲ್ಲ ತುಂಬಿಸತೊಡಗಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಮಗನು ಹೇಳಿದ್ದುದು ಸಮುದ್ರದ ಮಾತು. ನ್ಯೂ ಬ್ರನ್ಸ್‌ವಿಕ್ ಮತ್ತು ನೋವಾ ಸ್ಕೋಷಿಯಾ ಪ್ರಾಂತಗಳ ನಡುವೆ ಆಲಿಕೆಯಂತೆ ಕಿರಿದಾಗುತ್ತ ಒಳನುಗ್ಗಿರುವ ಫಂಡಿ ಕೊಲ್ಲಿಯಲ್ಲಿ ಜಗತ್ತಿನ ಅತ್ಯುನ್ನತವಾದ ಉಬ್ಬರವಿಳಿತಗಳುಂಟು. ಬರ್ನ್ಟ್‌ಕೋಟ್ ಹೆಡ್ ಎಂಬೆಡೆ ಅದು 16 ಮೀಟರುಗಳವರೆಗೂ ಏರುತ್ತದೆ. ನಮ್ಮ ಮಲ್ಪೆಯ ಕಡಲು ಒಂದೂವರೆ ಎರಡು ಮೀಟರು ಏರಿಳಿದು ತೃಪ್ತಿಪಟ್ಟುಕೊಳ್ಳುವ ಸದ್ಗೃಹಸ್ಥ. ಕಾರಣವೇನೆಂದರೆ, ಈ ಕೊಲ್ಲಿಯ ನೀರು ತನ್ನಷ್ಟಕ್ಕೆ ತಾನು ಒಮ್ಮೆ ತೂಗಿ ಬರಲು ಹಿಡಿಯುವ ಕಾಲವೂ, ಉಬ್ಬರದಿಂದ ಉಬ್ಬರಕ್ಕೆ ಸಲ್ಲುವ 12 ಗಂಟೆ 25 ನಿಮಿಷಗಳ ಅವಧಿಯೂ ಹೆಚ್ಚುಕಡಮೆ ಒಂದೇ ಆಗಿರುವುದು. ತೂಗುತ್ತಿರುವ ಉಯ್ಯಾಲೆಯನ್ನು ಹದವರಿತು ನೂಕಿದಂತೆ ಚಂದ್ರನು ನೂಕುತ್ತಾನೆ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, 500 ಮೀಟರಿನಷ್ಟು ಎತ್ತರಕ್ಕೆ, ಮೂರು ಹಂತಗಳಲ್ಲಿ ಪಂಪು ಹಚ್ಚಿ ತರಿಸಿಕೊಳ್ಳುವ ಊರಿನವನಾದ ನನಗೆ, ಒಂದು ಯೂನಿಟ್ಟು ವಿದ್ಯುತ್ತನ್ನೂ ವ್ಯಯಿಸದ ಈ ಚಂದ್ರನಲ್ಲಿ ಗೌರವ ಹುಟ್ಟಿತು. ಅದೂ ದಿನಕ್ಕೆರಡು ಬಾರಿ, ನಿಮಿಷ ಸಹಿತ ಮುಂಚಿತವಾಗಿ ತಿಳಿಸಿ!

ಪುಳಿಯೋಗರೆ, ಮೊಸರನ್ನ, ಚಕ್ಕುಲಿ, ಮೊಮ್ಮಗನ ಟೋಪಿ ಇವೆಲ್ಲ ಸಿದ್ಧವಾಗಿ ಹೊರಡುವಾಗ ಇಳಿತದ ಹೊತ್ತೇ ಆಗಿಹೋಗಿತ್ತು. "ಸಮುದ್ರ ಎಲ್ಲಿಗೂ ಓಡಿಹೋಗೋಲ್ಲ, ಬಿಡೋ" ಎಂದಳು ಇವಳು. ಓಡಿಹೋಗುವುದೇ ಅದರ ವಿಶೇಷವೆಂದು ವಿವರಿಸುವ ಧೈರ್ಯ ಮಗನಿಗಾಗಲಿ ನನಗಾಗಲಿ ಇರಲಿಲ್ಲ. ಇಳಿತಕ್ಕೆ ಹಿಂದುಮುಂದಿನ ಮೂರು ಮೂರು ಗಂಟೆ ಕೆಳಗಿಳಿಯಲು ಅವಕಾಶವಿದ್ದುದರಿಂದ ಮಾನ ಉಳಿಯಿತು.

ಹೋಪ್‌ವೆಲ್ ಬಂಡೆಗಳೆಂದು ಖ್ಯಾತವಾದ ಆ ತಾಣದಲ್ಲಿ, ಉದ್ದನೆಯ ಮೆಟ್ಟಿಲುಗಳನ್ನು ಇಳಿದು ಸಮುದ್ರದ ತಳದಲ್ಲಿಯೇ ನಾವು ನಡೆದಾಡಿದೆವು. ಬುಡದಲ್ಲಿ ನೀರು ಕೊರೆದು ಸಣ್ಣಗಾಗಿಸಿದ, ನೆತ್ತಿಯ ಮೇಲೆ ಮರಗಳನ್ನು ಹೊತ್ತ ಕೆಂಬಂಡೆಯ ಕಂಬಗಳು ಅಲ್ಲಿ ಸಾಲಾಗಿ ನಿಂತಿವೆ. ಹೂಕುಂಡಗಳೆಂದು ಅಲ್ಲಿನವರು ಅವಕ್ಕೆ ಹೆಸರಿಟ್ಟಿದ್ದಾರೆ. ನನ್ನವಳು ಒಂದು ಕ್ಷಣ ತಲೆಯೆತ್ತಿ ನೋಡಿ, "ರೀ, ಇದು ತುಳಸಿಕಟ್ಟೆ ಅಲ್ವೇನ್ರೀ!" ಎಂದು ಉದ್ಗರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪ್ರದಕ್ಷಿಣೆಗೆ ತೊಡಗಿಬಿಟ್ಟಳು. ಆನೆಯಂತಿದ್ದ ಒಂದು ಬಂಡೆಯ ಬಹುಭಾಗ 2016ರ ಮಾರ್ಚಿನಲ್ಲಿ ಕುಸಿದಿದೆ, ಅಡಿಯಲ್ಲಿ ಹೋಗಬಾರದು ಎಂದು ಸೊಸೆ ಎಚ್ಚರಿಸಿದುದಕ್ಕೆ, ಮೂರು ಸುತ್ತಿಗೆ ಬದಲು ಒಂದೇ ಸುತ್ತು, ಅದೂ ದೂರದಿಂದ, ಎಂಬ ರಾಜಿಯಾಯಿತು. ತುಳಸಿಕಟ್ಟೆಯೆಂಬ ಹೆಸರಿನ ಮಟ್ಟಿಗೆ ನಾನು ಇವಳ ಪಕ್ಷದವನು. ಪಕ್ಕದಲ್ಲಿದ್ದ ವೃದ್ಧದಂಪತಿಗಳು ಇದೇನೋ ವ್ಯಾಯಾಮವೆಂದು ಭಾವಿಸಿ ತಾವೂ ಹಿಂಬಾಲಿಸಿದರು.

ಮೇಲೆ ಬಂದಮೇಲೆ ಕೆಸರಿನ ಪಾದರಕ್ಷೆಗಳನ್ನು ತೊಳೆಯಲು ಅಲ್ಲಿ ನೀರಿನ ಕೊಳವೆಗಳಿದ್ದವು. ಒಬ್ಬನು ತೆರೆದು ಹಾಗೆಯೇ ಬಿಟ್ಟುಹೋದುದನ್ನು ಇವಳು ಓಡಿಹೋಗಿ ನಿಲ್ಲಿಸಿದಳು. ಆಮೇಲೆ ಹತ್ತು ನಿಮಿಷ ಅಲ್ಲಿಯೇ ಕಾವಲು ನಿಂತಳು.

ಮೊಸರನ್ನದ ಡಬ್ಬಿ ಬರಿದಾಗುವ ವೇಳೆಗೆ ಕೆಳಗೆ ನೀರು ಏರತೊಡಗಿತ್ತು. ಅಲೆಯ ಆರ್ಭಟವಿಲ್ಲ, ನಾವು ನಡೆದ ಹೆಜ್ಜೆಗಳು, ಇವಳ ಪ್ರದಕ್ಷಿಣಪಥ, ಬಂಡೆಗಳ ಸಣ್ಣ ಸೊಂಟ ಎಲ್ಲವೂ ಒಂದೊಂದಾಗಿ ಸದ್ದಿಲ್ಲದೆ ಮುಳುಗಿ, ಸಾಯಂಕಾಲಕ್ಕೆ ತುಳಸಿಕಟ್ಟೆಗಳು ಹಸಿರು ದ್ವೀಪಗಳಾಗಿ ಉಳಿದವು. ನಮ್ಮ ಮನೆ ಅಲ್ಲಿದ್ದಿದ್ದರೆ ಮೂರನೆಯ ಮಹಡಿಯ ಮೇಲಿನ ಕರಿಯ ಟ್ಯಾಂಕಿನವರೆಗೂ ನೀರು ತಾನಾಗಿ ಬಂದಿರುತ್ತಿತ್ತೆಂದು ನಾನು ಲೆಕ್ಕ ಹಾಕಿದೆ. "ಇಷ್ಟು ನೀರು, ಒಂದು ಕೊಡ ಹಿಡಿಯೋ ಹಾಗಿಲ್ಲ" ಎಂದು ನಿಟ್ಟುಸಿರಿಟ್ಟ ಇವಳಿಗೆ ತಟ್ಟನೆ ಏನೋ ನೆನಪಾಯಿತು. "ಊರಲ್ಲಿ ಈಗೆಷ್ಟು ಗಂಟೆಯೋ?"

"ರಾತ್ರಿ ಎರಡೂಕಾಲು, ಅಮ್ಮ. ಈಗ ಯಾರಿಗೂ ಫೋನ್ ಮಾಡಬೇಡ."

ಅವಳು ಅಷ್ಟರಲ್ಲಿ ನಮ್ಮ ಕೆಳಮನೆಯ ಬಾಡಿಗೆಯಾಕೆಗೆ ಕರೆ ಮಾಡಿಯಾಗಿತ್ತು. ಮೊದಲ ಗಂಟೆಗೇ ಆ ಹುಡುಗಿ ಎತ್ತಿಕೊಂಡಳು.

"ನೀರು ಬಂತೇನಮ್ಮ?"

"ಇನ್ನೂ ಇಲ್ಲ ಆಂಟಿ. ಕಾಯ್ತಾ ಇದೀನಿ."