ರ‍್ಯಾಂಡಮ್‌ಜ್ವರ ನಿದಾನ

ಪೀಠಿಕೆ

ಸಮಸ್ತ ರೋಗಗಳನ್ನೂ ವಾತ, ಪಿತ್ತ, ಕಫಗಳ ಮೇಲೆ ಹೊರಿಸಿದ ಪ್ರಾಚೀನರು, ಬಿಜಿಎಂಐ ಎಂಬ ಮೊಬೈಲ್ ಯುದ್ಧದಾಟ ಆಡದಿದ್ದ ಕಾರಣ, ಒಂದು ಜ್ವರವನ್ನು ಕೈಬಿಟ್ಟಿದ್ದಾರೆ. ಗೆಳೆಯರು ಯಾರೂ ಆನ್‌ಲೈನ್ ಇಲ್ಲದ ರಾತ್ರಿ, ಯಂತ್ರ ಎಲ್ಲಿಂದಲೋ ಹೆಕ್ಕಿ ತಂದ ಮೂವರು ಅಪರಿಚಿತರ ಜೊತೆ ಆಡಬೇಕಾದಾಗ ಇದು ಏರುತ್ತದೆ. ಇಂಥ ಅಪರಿಚಿತರನ್ನು ಆಟಗಾರರು ‘ರ‍್ಯಾಂಡಮ್’ ಎನ್ನುವುದರಿಂದ ಜ್ವರಕ್ಕೂ ಆ ಹೆಸರನ್ನೇ ಇಟ್ಟಿದ್ದೇವೆ. ಪ್ರಸ್ತುತ ಸಂಶೋಧನೆಯ ಕ್ಷೇತ್ರಕಾರ್ಯವನ್ನು ಪೂರ್ತಿಯಾಗಿ ಮಂಚದ ಮೇಲೆ, ಚಾರ್ಜರ್ ವೈರು ಎಟುಕುವ ಪರಿಧಿಯೊಳಗೆ ಕೈಗೊಳ್ಳಲಾಯಿತು.

ಲಕ್ಷಣ

‘ಸ್ಟಾರ್ಟ್’ ಒತ್ತುವ ಮುನ್ನವೇ ಅಂಗೈ ಬೆವರುವುದು ಪೂರ್ವರೂಪ. ವಿಮಾನದಿಂದ ಧುಮುಕುವಾಗ ‘ಭಾಯ್, ಮೈಕ್ ಖೋಲ್’ ಎಂಬ ದನಿ ಕೇಳಿ ಗಂಟಲು ಒಣಗುವುದು ರೂಪ. ಕನ್ನಡಿಗ ರೋಗಿಗಳಲ್ಲಿ ಇದು ಉಲ್ಬಣಿಸುತ್ತದೆ. ಶತ್ರುವಿನ ಗಾಡಿ ಹಿಂದಿಯಲ್ಲಿ ‘ಆ ರಹಾ’ವೋ ‘ಆ ರಹೀ’ಯೋ ಎಂದು ನಿಶ್ಚಯಿಸುವಷ್ಟರಲ್ಲಿ ಅದು ಮೈಮೇಲೆ ಹತ್ತಿರುತ್ತದೆ.

ನಿದಾನ

ಆಟದ ರಣರಂಗವಾದ ಎರಂಗೆಲ್ ನಕ್ಷೆಯ ವಿಸ್ತಾರ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ. ಇಳಿಯುವವರು 100 ಮಂದಿ. ನಾಲ್ವರಿಗೊಂದರಂತೆ 25 ತಂಡ. ಚೋದ್ಯವೇನೆಂದರೆ, ತನ್ನನ್ನು ಕೊಲ್ಲಲೆಂದೇ ಬಂದ 96 ಮಂದಿಯ ಬಗ್ಗೆ ರೋಗಿಗೆ ಲವಲೇಶವೂ ಭಯವಿಲ್ಲ. ಇರುವ ಭಯವೆಲ್ಲ ತನ್ನನ್ನು ಕಾಪಾಡಬೇಕಾದ ಮೂವರದು! ಶತ್ರುವಾದರೋ ಗುಂಡು ಹೊಡೆದು ತನ್ನ ದಾರಿ ಹಿಡಿಯುತ್ತಾನೆ. ಮಿತ್ರ ಹಾಗಲ್ಲ. ತಾನು ಸತ್ತ ಮೇಲೂ ಸ್ಪೆಕ್ಟೇಟ್ ಮಾಡುತ್ತಾ ನಮ್ಮ ಬೆನ್ನಿಗೇ ಇರುತ್ತಾನೆ. ಪಿತೃಗಳು ಕೂಡ ಇಷ್ಟು ನಿಗಾ ಇಡುವುದಿಲ್ಲ.

ಇನ್ನೊಂದು ಲೆಕ್ಕ. ಗೆಲ್ಲುವುದು ಒಂದೇ ತಂಡವಾದ್ದರಿಂದ ಪ್ರತಿ ಆಟದ ಕೊನೆಗೆ 24 ತಂಡಗಳಿಗೆ ಒಬ್ಬೊಬ್ಬ ಅಪರಾಧಿ ಬೇಕು. ಗೆಳೆಯರ ತಂಡದಲ್ಲಿ ಈ ಹುದ್ದೆ ಸರದಿಯ ಮೇಲೆ ಬರುತ್ತದೆ. ಇವತ್ತು ನೀವು, ನಾಳೆ ಅವನು, ನಡುವೆ ಚಹಾ. ರ‍್ಯಾಂಡಮ್ ತಂಡದಲ್ಲಾದರೆ ನಿಮ್ಮ ವಿದ್ಯೆ, ಮನೆತನ, ಒಳ್ಳೆಯತನ ಯಾವುದೂ ದಾಖಲೆಯಲ್ಲಿಲ್ಲ. ಪಿನ್ ಎಳೆದ ಗ್ರೆನೇಡನ್ನು ಸ್ವಂತ ಕಾಲ ಬುಡಕ್ಕೆ ಬೀಳಿಸಿದ್ದೇ ನಿಮ್ಮ ಸಮಗ್ರ ಜೀವನಚರಿತ್ರೆ.

ಪ್ರಭೇದ

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ 1978ರಲ್ಲಿ ಆರಂಭಿಸಿದ, ಬರೀ ಅಕ್ಷರಗಳಲ್ಲೇ ನಡೆಯುವ ‘ಮಡ್’ ಆಟವನ್ನು ಬೆಳೆಸಿದವರು ರಿಚರ್ಡ್ ಬಾರ್ಟಲ್. 1996ರಲ್ಲಿ ಅವರು ಆಟಗಾರರನ್ನು ಸಾಧಕ, ಶೋಧಕ, ಸಂಗಜೀವಿ, ಘಾತಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ನಮ್ಮ ವಿನಮ್ರ ಸೇರ್ಪಡೆ ಐದನೆಯ ಬಗೆ: ಮೌನಿ. ಇದರಲ್ಲಿ ಮೂರು ಉಪಭೇದ. ಮೈಕ್ ಕೆಟ್ಟಿದೆ ಎಂದು ಟೈಪ್ ಮಾಡುವವರು, ಇದು ಸುಳ್ಳು. ಓದುತ್ತಿದ್ದೇನೆಂದು ಪಕ್ಕದ ಕೋಣೆಯ ಅಮ್ಮನನ್ನು ನಂಬಿಸಿರುವವರು, ಇದೂ ಸುಳ್ಳು. ತಮ್ಮ ದನಿ ಕೇಳಿದೊಡನೆ ತಂಡವು ಯುದ್ಧ ಮರೆತು ಊರು, ವಯಸ್ಸು, ಇನ್‌ಸ್ಟಾಗ್ರಾಂ ಐಡಿಗಳ ಜನಗಣತಿಗೆ ಇಳಿಯುತ್ತದೆಂದು ಅನುಭವದಿಂದ ಬಲ್ಲ ಹುಡುಗಿಯರು ಮೂರನೆಯವರು. ಇವರದು ಜ್ವರವಲ್ಲ, ವಿವೇಕ. ಇಲ್ಲಿ ರೋಗಿ ಮೈಕಿನ ಆಚೆ ಬದಿಯವನು.

ಪೂರ್ವಪಕ್ಷ

‘ನಾಲ್ಕು ಮಾತಾಡಿದರೆ ಭಯ ತಾನೇ ಹೋಗುತ್ತದೆ’ ಎನ್ನುವವರಿದ್ದಾರೆ. ಈ ವಾದ ನಿಲ್ಲದು. 2012ರ ‘ಜರ್ನಿ’ ಆಟದಲ್ಲಿ ಇಬ್ಬರು ಅಪರಿಚಿತರು ಮರುಭೂಮಿಯಲ್ಲಿ ಜೊತೆಯಾಗಿ ನಡೆಯುತ್ತಾರೆ. ಮಾತಿಗೆ ಅವಕಾಶವಿಲ್ಲ, ನಾದವಷ್ಟೇ. ಹೆಸರು ತಿಳಿಯುವುದೂ ಆಟ ಮುಗಿದ ಮೇಲೆ. ಅಲ್ಲಿ ಈ ಜ್ವರದ ಸುಳಿವಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ತಂಡಗಳು ಸೆಣಸುವ ‘ಲೀಗ್ ಆಫ್ ಲೆಜೆಂಡ್ಸ್’ ಆಟ 2021ರ ಅಕ್ಟೋಬರಿನಲ್ಲಿ ಎದುರಾಳಿಗಳ ಜೊತೆಗಿನ ಚಾಟ್ ನಿಲ್ಲಿಸಿ, ಸ್ವಪಕ್ಷದ ಚಾಟ್ ಉಳಿಸಿಕೊಂಡಿತು. ನಮ್ಮ ಪ್ರಮೇಯದಂತೆ ಇದು ಹುಲಿಯನ್ನು ಒಳಗೆ ಬಿಟ್ಟುಕೊಂಡು ಬಾಗಿಲಿಗೆ ಚಿಲಕ ಹಾಕಿದ ಹಾಗೆ.

ಚಿಕಿತ್ಸೆ

ಬೈಗುಳ ಬಂದೊಡನೆ ಮ್ಯೂಟ್, ಮುಂದುವರಿದರೆ ರಿಪೋರ್ಟ್. ನಿಜನಾಮ, ಶಾಲೆ, ಫೋನ್ ನಂಬರು, ಓಟಿಪಿಗಳನ್ನು ಯಾರಿಗೂ ಬಡಿಸದಿರುವುದು ಪಥ್ಯ. ಪುಕ್ಕಟೆ ಯುಸಿ (ಆಟದೊಳಗಿನ ನಾಣ್ಯ) ಕೊಡುವೆನೆಂದು ಲಿಂಕ್ ಕಳಿಸುವ ದಾನಶೂರನಿಂದ ದೂರವಿರುವುದು ಕಡ್ಡಾಯ ಪಥ್ಯ.

ಫಲಶ್ರುತಿ

ಈ ಪ್ರಬಂಧವನ್ನು ಭಕ್ತಿಯಿಂದ ಓದಿದವರಿಗೆ ಚಿಕನ್ ಡಿನ್ನರ್, ಅಂದರೆ ಗೆಲುವು, ಸಿಗುವ ಖಾತ್ರಿಯಿಲ್ಲ. ಆದರೆ ನಿಮ್ಮ ತಂಡದ ಮೌನಿ ಗುಂಡೇಟಿಗೆ ನಾಕ್ ಆಗಿ ತೆವಳುತ್ತಿದ್ದರೆ, ಬೈಯುವ ಮುಂಚೆ ರಿವೈವ್ ಕೊಡಿ. ಸೋಲುವ 24 ತಂಡಗಳಲ್ಲಿ ಒಂದಾದರೂ ಅಪರಾಧಿಯಿಲ್ಲದೆ ಸೋಲಲಿ.